ಹುಸೇನಪ್ಪನ ಹೆಸರು, ಹೈದರಿ ನಾಣ್ಯ

ರಾಯಚೂರು, ಕೊಪ್ಪಳದ ಕಡೆಯ ಹಳ್ಳಿಗಳಲ್ಲಿ ಹುಸೇನಪ್ಪ ಎಂಬ ಹೆಸರು ಅಪರೂಪದ್ದಲ್ಲ. ಹುಸೇನಪ್ಪನ ಮನೆದೇವರು ಹನುಮಂತನೋ ಹುಲಿಗೆಮ್ಮನೋ ಆಗಿರಬಹುದು. ಮೊಹರಂ ಬಂದಾಗ ಬೆಂಕಿ ಹಾಕುವ ಗುಂಡಿಯಾದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದಕ್ಕಾಗಲಿ, ಹರಕೆ ಹೊತ್ತು ಪಡೆದ ಮಗನಿಗೆ ಆ ಹೆಸರನ್ನೇ ಇಡುವುದಕ್ಕಾಗಲಿ ಅದು ಅಡ್ಡಿಯಾಗಿಲ್ಲ. ಅರಬ್ಬಿಯಲ್ಲಿ ಹಸನ್ ಎಂದರೆ ಒಳ್ಳೆಯವನು, ಚೆಲುವ. ಅದನ್ನೇ ಮುದ್ದಿನಿಂದ ಕಿರಿದು ಮಾಡಿದರೆ ಹುಸೈನ್, ಅಂದರೆ ಪುಟ್ಟ ಚೆಲುವ. ಪ್ರವಾದಿ ಮುಹಮ್ಮದರ ಮಗಳು ಫಾತಿಮಾ ಅವರ ಮಕ್ಕಳಲ್ಲಿ ಹಿರಿಯವರು ಹಸನ್, ಅವರ ತಮ್ಮ ಹುಸೈನ್. 680ರಲ್ಲಿ ಕರ್ಬಲಾದಲ್ಲಿ ಮಡಿದ ಆ ತಮ್ಮನ ಹೆಸರಿಗೆ ನಮ್ಮವರು ‘ಅಪ್ಪ’ ಎಂಬುದನ್ನು ಸೇರಿಸಿ, ಚಿಕ್ಕದು ಮಾಡಿದ್ದನ್ನು ಮತ್ತೆ ದೊಡ್ಡದು ಮಾಡಿಕೊಂಡರು. ಗದಗ, ಧಾರವಾಡದ ಕಡೆಯ ಫಕೀರಪ್ಪನದೂ ಇದೇ ಬಗೆಯ ಕೂಡಿಕೆ. ಫಕೀರ್ ಎಂದರೆ ಬಡವ, ಏನೂ ಇಲ್ಲದವನು. ಶಿರಹಟ್ಟಿಯ ಫಕೀರೇಶ್ವರ ಮಠದ ನೆರಳಿನಲ್ಲಿ ಆ ಇಲ್ಲದವನು ಈಶ್ವರನೂ ಆಗಿದ್ದಾನೆ.

ಬಸ್ ನಿಲ್ದಾಣಗಳಲ್ಲಿ ಮಾರುವ ಮಕ್ಕಳ ಹೆಸರಿನ ಕಿರುಹೊತ್ತಿಗೆಗಳು ಇಂಥ ಸಂಗತಿಗಳ ಗೋಜಿಗೆ ಹೋಗುವುದಿಲ್ಲ. ಹೆಸರಿನ ಮುಂದೆ ಒಂದು ಅಡ್ಡಗೆರೆ, ಅದರ ಮುಂದೆ ‘ಉತ್ತಮ’, ‘ಶ್ರೇಷ್ಠ’, ‘ಸುಂದರ’ ಎಂಬ ಮೂರರಲ್ಲಿ ಒಂದು ಪದ, ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಆದರೆ ಅರಬ್ಬಿ ಹೆಸರುಗಳು ಒಂಟಿಯಾಗಿ ಬದುಕುವಂಥವಲ್ಲ. ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಧಾತು, ಅದರ ಸುತ್ತ ಒಂದು ಅವಿಭಕ್ತ ಕುಟುಂಬ. ಹೊಗಳಿಕೆಯ ಅರ್ಥವುಳ್ಳ ಒಂದೇ ಧಾತುವಿನಿಂದ ಮುಹಮ್ಮದ್, ಅಹಮದ್, ಮಹಮೂದ್, ಹಮೀದ್, ಹಮೀದಾ ಎಲ್ಲರೂ ಹುಟ್ಟಿದ್ದಾರೆ. ನಿಷೇಧದ ಅರ್ಥವುಳ್ಳ ಇನ್ನೊಂದು ಧಾತುವಿನಿಂದ, ಕಾದಾಟ ನಿಷಿದ್ಧವಾಗಿದ್ದ ಪವಿತ್ರ ಮಾಸ ಮುಹರ್ರಂ ಬಂದಿದೆ, ಮೆಕ್ಕಾದ ಪವಿತ್ರ ಆವರಣಕ್ಕೆ ಹರಮ್ ಎಂಬ ಹೆಸರು ಬಂದಿದೆ, ನಮ್ಮ ಬಾಯಲ್ಲಿ ಸಲೀಸಾಗಿ ಓಡಾಡುವ ‘ಹರಾಮಿ’ ಎಂಬ ಬೈಗುಳವೂ ಬಂದಿದೆ. ಒಂದೇ ಮನೆಯಲ್ಲಿ ಪೂಜ್ಯರೂ ಪುಂಡರೂ ಇರುವುದು ಭಾಷೆಗಳಿಗೂ ಹೊಸದಲ್ಲ.

ಈ ಕುಟುಂಬಗಳ ಅರ್ಧ ಜನ ನಮ್ಮ ತಾಲ್ಲೂಕು ಕಚೇರಿಯಲ್ಲಿ ಕುಳಿತಿದ್ದಾರೆ ಎಂಬುದು ನನ್ನ ಬಹುದಿನಗಳ ಅಭಿಪ್ರಾಯ. ಇಸ್ಲಾಮಿನಲ್ಲಿ ದೇವರಿಗೆ ತೊಂಬತ್ತೊಂಬತ್ತು ನಾಮಗಳನ್ನು ಹೇಳುತ್ತಾರೆ. ಅವುಗಳಲ್ಲಿ ‘ಹಕ್’ ಎಂದರೆ ಸತ್ಯ, ‘ವಕೀಲ್’ ಎಂದರೆ ಎಲ್ಲ ಭಾರವನ್ನೂ ಒಪ್ಪಿಸಿ ನಿಶ್ಚಿಂತರಾಗಿರಬಹುದಾದವನು, ‘ಬಾಕಿ’ ಎಂದರೆ ಎಲ್ಲ ಅಳಿದ ಮೇಲೂ ಉಳಿಯುವವನು, ‘ವಾರಿಸ್’ ಎಂದರೆ ಕೊನೆಗೆ ಎಲ್ಲಕ್ಕೂ ಉತ್ತರಾಧಿಕಾರಿಯಾದವನು, ‘ಹಸೀಬ್’ ಎಂದರೆ ಲೆಕ್ಕ ನೋಡುವವನು, ‘ಅದ್ಲ್’ ಎಂದರೆ ನ್ಯಾಯ. ಈಗ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಒಬ್ಬ ಬಗರ್ ಹುಕುಂ ಸಾಗುವಳಿದಾರನನ್ನು ನೆನೆಯಿರಿ. ಅವನ ಅರ್ಜಿ ವರ್ಷಗಳಿಂದ ಬಾಕಿ ಇದೆ. ನಡುವೆ ವಾರಸುದಾರರ ತಕರಾರು ಎದ್ದಿದೆ. ವಕೀಲರು ಲೋಕ ಅದಾಲತ್‌ಗೆ ಬನ್ನಿ ಎಂದಿದ್ದಾರೆ. ಖರ್ಚಿನ ಹಿಸಾಬು ಅವನ ಹೆಂಡತಿಯ ಬಳಿ ಇದೆ. ಆ ಬಡಪಾಯಿ ಅರಬ್ಬಿಯ ಒಂದಕ್ಷರ ಅರಿಯದೆಯೂ ದಿನವಿಡೀ ನಾಮಸ್ಮರಣೆ ಮಾಡಿದ್ದಾನೆ. ಅವನ ಊರಿನಲ್ಲಿರುವ ಹಕೀಮ ‘ಹುಕುಂ’ನ ಹತ್ತಿರದ ಬಂಧು, ಆದಿಲ್ ‘ಅದಾಲತ್’ನ ಒಡಹುಟ್ಟಿದವನು, ರಜಿಯಾ ‘ರಾಜಿ’ಯ ಸಹೋದರಿ. ರಾಜಿ ಎಂದರೆ ಒಪ್ಪಿಗೆ, ತೃಪ್ತಿ. ಒಪ್ಪಿಗೆಯ ಕಾಗದವಾಗಿದ್ದ ರಾಜೀನಾಮೆ ಕೆಲಸ ಬಿಟ್ಟು ಹೋಗುವವನ ಕಾಗದವಾದದ್ದು ಹೇಗೆಂಬುದನ್ನು ನಮ್ಮ ರಾಜಕಾರಣಿಗಳನ್ನೇ ಕೇಳಬೇಕು. ವಿಜಯಪುರವನ್ನಾಳಿದ ಮನೆತನ ತನ್ನನ್ನು ಆದಿಲ್ ಶಾಹಿ ಎಂದು ಕರೆದುಕೊಂಡಾಗ, ನ್ಯಾಯವಂತರೆಂಬ ಬಿರುದನ್ನು ಜನ ಕೊಡುವವರೆಗೆ ಕಾಯದೆ ಧರಿಸಿಕೊಂಡಿತ್ತೆಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು.

ಕಚೇರಿಗಳು ಈ ಹೆಸರುಗಳಿಂದ ಇಷ್ಟೊಂದು ಸಾಲ ಪಡೆದಿದ್ದರೂ ಅವುಗಳನ್ನು ಬರೆದುಕೊಳ್ಳುವಾಗ ಮಾತ್ರ ನಿರ್ದಯವಾಗಿ ನಡೆದುಕೊಳ್ಳುತ್ತವೆ. ಅಬ್ದ್ ಎಂದರೆ ದಾಸ. ಅದರ ಮುಂದಿನ ‘ಉಲ್’ ಮುಂದೆ ಬರಲಿರುವ ದೇವನಾಮಕ್ಕೆ ಚಾಚಿದ ಕೈ. ಆದ್ದರಿಂದ ಅಬ್ದುಲ್ ಕರೀಂ ಎಂದರೆ ಉದಾರಿಯ ದಾಸ, ಅಬ್ದುಲ್ ರಹೀಮ್ ಎಂದರೆ ಕರುಣಾಳುವಿನ ದಾಸ. ಅರ್ಜಿ ನಮೂನೆಯ ಮೊದಲ ಚೌಕದಲ್ಲಿ ಅಬ್ದುಲ್, ಎರಡನೆಯ ಚೌಕದಲ್ಲಿ ರಹೀಮ್ ಎಂದು ತುಂಬಿಸಿದ ಕೂಡಲೇ ಮೊದಲನೆಯವನು ಯಾರ ದಾಸನೆಂಬುದು ತಿಳಿಯದೆ ಅಂತರದಲ್ಲಿ ನಿಲ್ಲುತ್ತಾನೆ, ಎರಡನೆಯವನು ಅಪ್ಪಣೆಯಿಲ್ಲದೆ ದೇವರಾಗುತ್ತಾನೆ. ನೂರುದ್ದೀನ್ ಎಂಬುದನ್ನು ಒಡೆದು ‘ಉದ್ದೀನ್’ ಎಂಬ ಮನೆತನದ ಹೆಸರನ್ನು ಹುಟ್ಟಿಸುವುದೂ ಇದೇ ಕೊಡಲಿಯ ಕೆಲಸ; ನೂರ್ ಎಂದರೆ ಬೆಳಕು, ದೀನ್ ಎಂದರೆ ಧರ್ಮ, ಇವೆರಡರ ನಡುವೆ ‘ಅಲ್’ ಎಂಬುದರ ಲಕಾರ ಕರಗಿ ದಕಾರ ದ್ವಿತ್ವವಾಗಿದೆ. ಸಂಧಿಕಾರ್ಯವನ್ನು ಬಾಯಿಪಾಠ ಮಾಡಿ ಬೆಳೆದ ಕನ್ನಡಿಗರಿಗೆ ಇದು ಅಷ್ಟು ಕಠಿಣವಾಗಬಾರದಿತ್ತು.

ಹುಟ್ಟಿದಾಗ ಇಟ್ಟ ಹೆಸರನ್ನು ಅಡ್ಡಹೆಸರು ನುಂಗಿಬಿಡುವುದೂ ಈ ಪರಂಪರೆಯಲ್ಲಿ ಹೇರಳ. ಪ್ರವಾದಿಗಳ ಮಾತುಗಳನ್ನು ಅಪಾರ ಸಂಖ್ಯೆಯಲ್ಲಿ ವರದಿ ಮಾಡಿದ ಸಂಗಾತಿಯನ್ನು ಲೋಕ ಅಬೂ ಹುರೈರಾ, ಅಂದರೆ ಬೆಕ್ಕಿನ ಮರಿಯ ತಂದೆ, ಎಂದೇ ಬಲ್ಲದು. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೈಯದ್ ಮುಹಮ್ಮದ್ ಹುಸೈನಿ ಅವರನ್ನು ಆ ಹೆಸರಿನಿಂದ ಕೇಳಿದರೆ ಆಟೋದವರು ಯೋಚಿಸಬೇಕಾಗುತ್ತದೆ. ಬಂದೇ ನವಾಜ್ ಎಂದರೆ ನೇರವಾಗಿ ದರ್ಗಾಕ್ಕೆ ಬಿಡುತ್ತಾರೆ. ಸೇವಕರ ಮೇಲೆ ದಯೆಯುಳ್ಳವರು ಎಂಬುದು ಅದರ ಅರ್ಥ. ಗೇಸುದರಾಜ್ ಎಂಬ ಅವರ ಇನ್ನೊಂದು ಹೆಸರಿಗೆ ನೀಳಕೇಶದವರು ಎಂದರ್ಥ. ಎರಡೂ ಅರಬ್ಬಿಯಲ್ಲ, ಫಾರಸಿ. ಮುಸ್ಲಿಂ ಹೆಸರೆಂದರೆ ಅರಬ್ಬಿಯೇ ಎಂದು ತಿಳಿದವರು ಇಂಥಲ್ಲಿ ಎಡವುತ್ತಾರೆ. ಪರ್ವೀನ್ ಎಂದರೆ ಕೃತ್ತಿಕಾ ನಕ್ಷತ್ರಪುಂಜ, ಅದು ಫಾರಸಿ. ಖಾನ್ ಮತ್ತು ಬೇಗಂ ತುರ್ಕಿಯವು.

ಆದರೆ ಹೆಸರುಗಳನ್ನು ಜನರ ಕಿಸೆಗೇ ತುಂಬಿದವನು ಟಿಪ್ಪು ಸುಲ್ತಾನ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರನ್ನು ಹೊತ್ತ ಈತ, 1782ರಿಂದ 1799ರ ವರೆಗಿನ ತನ್ನ ಆಳ್ವಿಕೆಯಲ್ಲಿ ಹಿಜರಿಯ ಜಾಗದಲ್ಲಿ ಮೌಲೂದಿ ಎಂಬ ಶಕೆಯನ್ನು ತಂದದ್ದಲ್ಲದೆ, ಪ್ರತಿಯೊಂದು ನಾಣ್ಯಕ್ಕೂ ಒಂದೊಂದು ಹೆಸರಿಟ್ಟ. ನಾಲ್ಕು ವರಹದ ಚಿನ್ನದ ನಾಣ್ಯ ಅಹಮದಿ, ಪ್ರವಾದಿಗಳ ಹೆಸರಿನದು. ಎರಡು ವರಹದ್ದು ಸಿದ್ದೀಕಿ, ಸತ್ಯವಂತನೆಂಬ ಬಿರುದಿನ ಮೊದಲ ಖಲೀಫ ಅಬೂಬಕರರದು. ಒಂದು ವರಹದ್ದು ಫಾರೂಕಿ, ಸತ್ಯಾಸತ್ಯವನ್ನು ಬೇರ್ಪಡಿಸುವವನೆಂಬ ಬಿರುದಿನ ಎರಡನೆಯ ಖಲೀಫ ಉಮರರದು. ಬೆಳ್ಳಿಗೆ ಬಂದರೆ ಎರಡು ರೂಪಾಯಿಯದು ಹೈದರಿ. ಹೈದರ್ ಎಂದರೆ ಸಿಂಹ, ಅದು ಪ್ರವಾದಿಗಳ ಅಳಿಯ ಅಲಿಯವರ ಬಿರುದು. ಜೊತೆಗೆ ಸುಲ್ತಾನನ ತಂದೆಯ ಹೆಸರೂ ಹೌದು, ಆ ಅನುಕೂಲವನ್ನು ಅವನು ಮರೆತಿರಲಾರ. ರೂಪಾಯಿ ಇಮಾಮಿ, ಶಿಯಾಗಳ ಹನ್ನೆರಡು ಇಮಾಮರಿಗೂ ಸೇರಿ ಸಂದದ್ದು. ಅಲ್ಲಿಂದ ಕೆಳಗೆ ಎಂಟಾಣೆ ಆಬಿದಿ, ನಾಲ್ಕಾಣೆ ಬಾಕಿರಿ, ಎರಡಾಣೆ ಜಾಫರಿ, ಒಂದಾಣೆ ಕಾಜಿಮಿ. ಕ್ರಮವಾಗಿ ನಾಲ್ಕನೆಯ, ಐದನೆಯ, ಆರನೆಯ, ಏಳನೆಯ ಇಮಾಮರ ಹೆಸರುಗಳು. ಆರಾಧಕ, ಜ್ಞಾನವನ್ನು ಸೀಳಿ ತೆರೆದವನು, ತೊರೆ, ಕೋಪವನ್ನು ನುಂಗಿಕೊಂಡವನು ಎಂಬುವು ಅವುಗಳ ಅರ್ಥ. ತಂದೆಯಿಂದ ಮಗನಿಗೆ ಇಳಿದಂತೆ ಬೆಲೆಯೂ ಅರ್ಧರ್ಧ ಇಳಿಯುವ ಈ ಲೆಕ್ಕದಲ್ಲಿ ಚಿಲ್ಲರೆ ಎಣಿಸಲು ಕಲಿತ ಹುಡುಗನಿಗೆ ಒಂದು ವಂಶಾವಳಿಯೂ ಬಾಯಿಗೆ ಬಂದಿರಬೇಕು. ಸುನ್ನಿಗಳು ಆದರಿಸುವ ಮೊದಲ ಖಲೀಫರು ಚಿನ್ನದಲ್ಲಿ, ಶಿಯಾಗಳು ಗೌರವಿಸುವ ಇಮಾಮರು ಬೆಳ್ಳಿಯಲ್ಲಿ, ಹೀಗೆ ಶ್ರೀರಂಗಪಟ್ಟಣದ ವ್ಯಾಪಾರಿಯ ಒಂದೇ ಚೀಲದಲ್ಲಿ ಎಲ್ಲರೂ ಕೂಡಿರುತ್ತಿದ್ದರು.

ತಾಮ್ರಕ್ಕೆ ಬಂದಾಗ ಹೆಸರುಗಳು ಆಕಾಶಕ್ಕೆ ಏರುತ್ತವೆ. ಎರಡು ಪೈಸೆ ಮುಷ್ತರಿ, ಅದು ಗುರುಗ್ರಹ; ಪೈಸೆ ಜೊಹ್ರಾ, ಅದು ಶುಕ್ರ; ಅರ್ಧ ಪೈಸೆ ಬಹರಾಂ, ಅದು ಮಂಗಳ; ಇನ್ನೂ ಚಿಕ್ಕವು ಅಖ್ತರ್ ಮತ್ತು ಕುತ್ಬ್, ಅವು ನಕ್ಷತ್ರ ಮತ್ತು ಧ್ರುವ. ಈ ಗ್ರಹಮಂಡಲವೆಲ್ಲ ಫಾರಸಿ ಲಿಪಿಯಲ್ಲಿ ನಾಣ್ಯದ ಒಂದು ಮಗ್ಗುಲಿಗಿದ್ದರೆ ಇನ್ನೊಂದು ಮಗ್ಗುಲಿಗೆ ಆನೆಯ ಚಿತ್ರವಿತ್ತು. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ ಶುಕ್ರನನ್ನು ಓದಲಾರದೆ ಆನೆಯನ್ನೇ ನೋಡಿ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರೆ, ಸುಲ್ತಾನನ ಟಂಕಸಾಲೆಗೆ ಅದರಿಂದ ನಷ್ಟವೇನೂ ಆಗಿರಲಾರದು.