ಮಾತ್ರೆ ಬಸ್ಸಿಗೆ ಹೋಲ್ಡಾನ್ ಹೇಳೋರಿಲ್ಲ

ನಮ್ಮ ದೊಡ್ಡಪ್ಪ ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದ ಕಾಲದ ಕಂಡಕ್ಟರ್. ವಯಸ್ಸು 83. ಈಗ ಕನಕಪುರ ರಸ್ತೆ ಪಕ್ಕದ ಒಂದು ‘ಸೀನಿಯರ್ ಕೇರ್’ನಲ್ಲಿ ಇದ್ದಾರೆ. ವೃದ್ಧಾಶ್ರಮ ಅನ್ನಬಾರದಂತೆ. ಆ ಹೆಸರಿಟ್ಟುಕೊಂಡು ತಿಂಗಳಿಗೆ ಇಷ್ಟು ದುಡ್ಡು ಕೇಳೋಕಾಗಲ್ಲ, ಅಲ್ವಾ? ನರ್ಸಿಂಗ್ ಹೋಮ್ ಅನ್ನೋಣ ಅಂದರೆ ಬೆಂಗಳೂರಿನಲ್ಲಿ ಅದು ಹೆರಿಗೆಗೆ ಹೋಗುವ ಜಾಗ. ಮಗ ಇರುವುದು ವೈಟ್‌ಫೀಲ್ಡ್‌ನಲ್ಲಿ. ಸಂಜೆ ಆರು ಗಂಟೆಯ ಲೆಕ್ಕದಲ್ಲಿ ಅದು ಫಾರಿನ್ನೇ.

ಹೋದ ತಿಂಗಳು ಒಂದು ಭಾನುವಾರ ತಿಂಡಿ ಹೊತ್ತಿಗೆ ಹೋಗಿದ್ದೆ. ತಟ್ಟೆಯಲ್ಲಿ ಎರಡು ಇಡ್ಲಿ. ಪಕ್ಕದ ಪ್ಲಾಸ್ಟಿಕ್ ಬಟ್ಟಲಲ್ಲಿ ಏಳು ಮಾತ್ರೆ. ಗುಲಾಬಿ, ಹಳದಿ, ಬಿಳಿ. ಒಂದನ್ನು ಕತ್ತರಿಸಿ ಅರ್ಧ ಮಾಡಿದ್ದರು, ಅದು ಪುಡಿ ಉದುರಿಸುತ್ತಾ ಕೂತಿತ್ತು. ರಾಯಚೂರಿನ ಸಿಸ್ಟರ್ “ಅಜ್ಜಾರ, ಬಾಯಿ ತಗೀರಿ” ಅಂದಳು. ದೊಡ್ಡಪ್ಪ ಏಳನ್ನೂ ನುಂಗಿ, ಒಂದೂವರೆ ಲೋಟ ನೀರು ಕುಡಿದು, ಇಡ್ಲಿ ಕಡೆ ನೋಡಿ, “ಹೊಟ್ಟೆ ತುಂಬ್ತು ಕಣೋ, ನೀನೇ ತಿನ್ನು” ಅಂದರು. ತಿಂದೆ. ಚಟ್ನಿ ಪರವಾಗಿರಲಿಲ್ಲ.

ಗೋಡೆಯ ಚಾರ್ಟಿನಲ್ಲಿ 1-0-1, 0-0-1, 1-1-1 ಅಂತ ಬರೆದಿತ್ತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಲೆಕ್ಕ. ದೊಡ್ಡಪ್ಪನಿಗೆ ಅವೆಲ್ಲ ರೂಟ್ ನಂಬರ್. “1-0-1 ಯಾವಾಗ್ಲೂ ರಶ್ಶು. 0-0-1 ನೈಟ್ ಸರ್ವಿಸ್ಸು” ಅಂತ ವಿವರಿಸಿದರು. ಒಟ್ಟು 13 ಬಗೆ. 5 ಆದರೇ ಸಾಕು, ಡಾಕ್ಟರುಗಳ ಭಾಷೆಯಲ್ಲಿ ಅದು ಪಾಲಿಫಾರ್ಮಸಿ. 10 ದಾಟಿದರೆ ಅದರ ಮುಂದೆ ‘ಹೈಪರ್’ ಅಂತ ಸೇರಿಸುತ್ತಾರೆ.

ಇಷ್ಟು ಮಂದಿ ಹತ್ತಿದ್ದು ಹೇಗೆ ಅಂತ ಹಳೇ ಚೀಟಿಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತೆ. ಮೊದಲ ಸ್ಟಾಪು ಬಿ.ಪಿ. ಅದಕ್ಕೆ ಆಮ್ಲೋಡಿಪಿನ್. ಒಳ್ಳೇ ಮಾತ್ರೆ, ಆದರೆ ಕೆಲವರಿಗೆ ಪಾದ ಊದುತ್ತದೆ. ಊದಿತು. ಊತಕ್ಕೆ ನೀರಿನ ಮಾತ್ರೆ. ರಾತ್ರಿ ಐದು ಸಲ ಬಾತ್‌ರೂಮು. ಅದನ್ನು ತಡೆಯಲು ಆಕ್ಸಿಬ್ಯುಟಿನಿನ್. ಬಾಯಿ ಒಣಗಿತು, ಮೋಷನ್ ಕಟ್ಟಿತು, ಮಾತು ಎಲ್ಲೆಲ್ಲೋ ಹೋಗತೊಡಗಿತು. ಕಟ್ಟಿದ್ದಕ್ಕೆ ಸಿರಪ್ಪು. ಮಾತಿಗೆ “ವಯಸ್ಸಾಯ್ತಲ್ಲ, ಮರೆವು” ಅಂತ ಡೊನೆಪೆಜಿಲ್. ಮಜಾ ಇರುವುದು ಇಲ್ಲಿ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅಂತ ಒಂದು ರಾಸಾಯನಿಕ. ಡೊನೆಪೆಜಿಲ್ ಇರುವುದು ಅದನ್ನು ಹೆಚ್ಚಿಸಲು. ಆಕ್ಸಿಬ್ಯುಟಿನಿನ್ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಎರಡೂ ಒಂದೇ ಬಟ್ಟಲಲ್ಲಿ. ಗಲ್ಲಿಯಲ್ಲಿ ಎದುರುಬದುರಾದ ಎರಡು ಬಸ್ಸಿನ ಹಾಗೆ, ಯಾರೂ ರಿವರ್ಸ್ ತಗೊಳ್ಳಲ್ಲ. ಡೀಸೆಲ್ ದುಡ್ಡು ಮಾತ್ರ ಎರಡಕ್ಕೂ ನಮ್ಮದೇ.

ಆಮೇಲೆ ನಿದ್ದೆ ಕೆಟ್ಟಿತು. ಡೊನೆಪೆಜಿಲ್‌ನಿಂದ ಅದೂ ಆಗುತ್ತದಂತೆ. ನಿದ್ದೆ ಮಾತ್ರೆ ಹತ್ತಿತು. ಒಂದು ರಾತ್ರಿ ಎದ್ದು ಹೋಗುವಾಗ ತೂರಾಡಿ ಬಿದ್ದರು. ಮೂಳೆ ಡಾಕ್ಟರು ನೋವಿನ ಮಾತ್ರೆ ಬರೆದರು, ಅದರಿಂದ ಹೊಟ್ಟೆ ಉರಿಯದಿರಲಿ ಅಂತ ಪ್ಯಾಂಟೊಪ್ರಜೋಲ್. ನೋವಿನ ಮಾತ್ರೆಗೆ ಬಿ.ಪಿ. ಏರಿಸುವ ಚಾಳಿ ಇದೆ. ಏರಿತು. ಆಮ್ಲೋಡಿಪಿನ್ 5 ಮಿಲಿಗ್ರಾಂ ಇದ್ದದ್ದು 10 ಆಯಿತು. ಬಸ್ಸು ಹೊರಟ ಸ್ಟಾಪಿಗೇ ವಾಪಸ್. ಪಾದ ಮತ್ತೆ ಊದಿದೆ. ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆಗಳ ಸುದ್ದಿ ನಾನಿನ್ನೂ ಎತ್ತಿಲ್ಲ, ಅವು ಬೇರೆ ಡಿಪೋದವು.

ಹಾಗಂತ ಡಾಕ್ಟರುಗಳು ಕೆಟ್ಟವರಲ್ಲ. ಒಬ್ಬೊಬ್ಬರೂ ಬಂಗಾರ. ಹೊಸದು ಬರೆಯಲು ಒಬ್ಬರೂ ಹಿಂಜರಿಯುವುದಿಲ್ಲ. ನಿಲ್ಲಿಸಬಹುದಾ ಅಂತ ಕೇಳಿದರೆ ಮಾತ್ರ “ಅದು ನಾನು ಬರೆದಿದ್ದಲ್ಲ, ಬರೆದವರನ್ನೇ ಕೇಳಿ” ಅನ್ನುತ್ತಾರೆ. ಬರೆದವರು ಆ ಆಸ್ಪತ್ರೆ ಬಿಟ್ಟು ಎರಡು ವರ್ಷ ಆಗಿದೆ. ಹೋಮ್‌ಗೆ ಬಂದು ಹೋಗುವ ಡಾಕ್ಟರು ಫೈಲು ತೆರೆದು ಮೂರೇ ಅಕ್ಷರ ಬರೆಯುತ್ತಾರೆ: ಸಿ.ಎಸ್.ಟಿ. ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಅಂದರೆ ರೈಟ್, ರೈಟ್. ಪ್ಯಾಂಟೊಪ್ರಜೋಲ್ ಚೀಟಿಯಲ್ಲಿ ‘5 ದಿನ’ ಅಂತಿದೆ. ಮೂರು ವರ್ಷದಿಂದ ನುಂಗುತ್ತಿದ್ದಾರೆ. ಅಷ್ಟು ಕಾಲ ನುಂಗಿದರೆ ಬಿ12 ಕಮ್ಮಿ ಆಗಬಹುದು. ಅದಕ್ಕೇ ಬಿ12 ಮಾತ್ರೆಯೂ ಇದೆ. ಎಷ್ಟು ಮುಂದಾಲೋಚನೆ ನೋಡಿ!

ಅಮೆರಿಕದ ಮಾರ್ಕ್ ಬಿಯರ್ಸ್ ಅನ್ನುವ ಡಾಕ್ಟರು 1991ರಲ್ಲೇ ವಯಸ್ಸಾದವರಿಗೆ ಆದಷ್ಟೂ ಕೊಡಬಾರದ ಔಷಧಿಗಳ ಪಟ್ಟಿ ಮಾಡಿದ್ದರು. ಅದೂ ಇಂಥ ಹೋಮ್‌ಗಳಲ್ಲಿ ಇರುವವರಿಗಾಗಿಯೇ. 2023ರಲ್ಲೂ ಅದನ್ನು ತಿದ್ದಿದ್ದಾರೆ. ನಿದ್ದೆ ಮಾತ್ರೆ, ತಿಂಗಳುಗಟ್ಟಲೆ ಕೊಡುವ ನೋವಿನ ಮಾತ್ರೆ, ಪ್ಯಾಂಟೊಪ್ರಜೋಲ್, ನಮ್ಮ ಬಟ್ಟಲಿನ ಈ ಗೆಳೆಯರೆಲ್ಲ ಅದರಲ್ಲಿದ್ದಾರೆ. ಹೋಮ್ ಮ್ಯಾನೇಜರ್ ಹತ್ತಿರ ಹೋಗಿ “ಬಿಯರ್ಸ್ ಲಿಸ್ಟ್ ನೋಡಿದ್ದೀರಾ?” ಅಂದೆ. ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಸರ್, ನಮ್ಮಲ್ಲಿ ಡ್ರಿಂಕ್ಸ್ ಅಲೋ ಇಲ್ಲ” ಅಂದರು.

ನಾವೇ ಸುಮ್ನೆ ನಿಲ್ಲಿಸಿಬಿಡೋಣ ಅಂದರೆ ಅದೂ ಅಪಾಯ. ಕೆಲವು ಮಾತ್ರೆ ದಿಢೀರ್ ಬಿಟ್ಟರೆ ಮೈ ತಿರುಗಿಬೀಳುತ್ತದೆ. ಕೊನೆಗೆ ದೊಡ್ಡಪ್ಪನೇ ದಾರಿ ಹುಡುಕಿದರು. ಕ್ಯಾಲೆಂಡರ್ ಹಾಳೆಯ ಹಿಂದೆ ಗೀಟು ಹಾಕಿ, ಕಂಡಕ್ಟರು ಟಿಕೆಟ್ ಲೆಕ್ಕ ಇಡುವ ಹಾಗೆ, ವೇ ಬಿಲ್ ಬರೆದರು. ಒಂದು ಕಾಲಂ ಹತ್ತಿದ ಸ್ಟಾಪು, ಇನ್ನೊಂದು ಇಳಿಯುವ ಸ್ಟಾಪು. ಎರಡನೇ ಕಾಲಂ ಉದ್ದಕ್ಕೂ ಖಾಲಿ. ಅದನ್ನು ಹಿಡಿದುಕೊಂಡು ವಯಸ್ಸಾದವರನ್ನೇ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಆಯಮ್ಮ ಮುಕ್ಕಾಲು ಗಂಟೆ ಆ ಹಾಳೆ ಓದಿ ಮೂರು ಮಾತ್ರೆ ಹೊಡೆದುಹಾಕಿದರು. ನಿದ್ದೆಯದನ್ನು ನಿಧಾನಕ್ಕೆ ಇಳಿಸೋಣ ಅಂದರು. “ಹೋಲ್ಡಾನ್!” ಅಂತ ದೊಡ್ಡಪ್ಪ ಕೂಗಿದ್ದಕ್ಕೆ ಹೊರಗೆ ಟೋಕನ್ ಹಿಡಿದು ಕೂತವರೆಲ್ಲ ಎದ್ದು ನಿಂತರು.

ಮೊನ್ನೆ ವೈಟ್‌ಫೀಲ್ಡ್‌ನಿಂದ ಕೊರಿಯರ್ ಬಂತು. ಅಪ್ಪ ಯಾಕೋ ಸೊರಗಿದ ಹಾಗೆ ಕಾಣುತ್ತಾರೆ ಅಂತ ಮಗನ ಪ್ರೀತಿ. ಒಂದು ಮಲ್ಟಿವಿಟಮಿನ್, ಮಂಡಿಗೆ ಒಂದು ಕ್ಯಾಪ್ಸೂಲು, ಒಂದು ಅಶ್ವಗಂಧ. ದೊಡ್ಡಪ್ಪ ಡಬ್ಬಿಗಳನ್ನು ಕಿಟಕಿ ಮೇಲೆ ಸಾಲಾಗಿ ಇಟ್ಟು ಎಣಿಸಿದರು.

“ಸರಿಯಾಗಿ ಮೂರೇ ಕಣೋ. ಸೀಟು ಖಾಲಿ ಆಗಿದ್ದು ಅವನಿಗೆ ಅಷ್ಟು ದೂರಕ್ಕೆ ಹೇಗೆ ಗೊತ್ತಾಯ್ತು?”