ಕೊನೇ ನಾಲ್ಕು ಸೆಕೆಂಡೋ, ಕೊನೇ ಒಂದು ಸೆಕೆಂಡೋ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅದು) ಕೊನೇ ಕ್ಷಣದ ಆಟ ಅಂದರೆ 1982ರ ‘ದಿ ಪ್ಲೇ’. ಅದನ್ನು ಮೀರಿಸಿದ್ದು ಇನ್ನೊಂದಿಲ್ಲ ಅನ್ನುವುದು ಸರಿಯೇ?

ಪರ

ಟ್ರೋಂಬೋನ್ ಊದುವವನ ಮೇಲೆ ಬಿದ್ದು ಮುಗಿದ ಪಂದ್ಯ ಇನ್ನೊಂದಿದ್ದರೆ ತೋರಿಸಿ, ಆಮೇಲೆ ಮಾತಾಡೋಣ.

1982ರ ನವೆಂಬರ್ 20, ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ಎಲ್ಲರೂ ಕರೆಯುವುದು ಕ್ಯಾಲ್ ಅಂತ. ಎದುರಿಗೆ ಹಳೇ ಎದುರಾಳಿ ಸ್ಟ್ಯಾನ್‌ಫರ್ಡ್. ಗೆದ್ದವರಿಗೆ ಸಿಗುವುದು ಹಲಗೆಗೆ ಜಡಿದ ಒಂದು ಕೊಡಲಿ.

ಚೆಂಡು ಎದುರಾಳಿಗೆ ಹೋಗದಿರಬೇಕಾದರೆ ಸ್ಟ್ಯಾನ್‌ಫರ್ಡ್‌ನ ಜಾನ್ ಎಲ್ವೇಗೆ ಕಡೇ ಪ್ರಯತ್ನದಲ್ಲಿ 17 ಗಜ ಬೇಕಿತ್ತು. ಅವನು 29 ಗಜದ ಪಾಸ್ ಎಸೆದು ತಂಡವನ್ನು ಉಳಿಸಿದ. ಮಾರ್ಕ್ ಹಾರ್ಮನ್ ಫೀಲ್ಡ್ ಗೋಲ್ ಹೊಡೆದ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ತಂದ. 20-19. ಉಳಿದದ್ದು 4 ಸೆಕೆಂಡ್. ಸ್ಟ್ಯಾನ್‌ಫರ್ಡ್ ಆಟಗಾರರು ಕುಣಿದರು, ಅದಕ್ಕೆ 15 ಗಜದ ದಂಡ ಬಿತ್ತು. ಹಾಗಾಗಿ ಕಿಕ್‌ಆಫ್, ಅಂದರೆ ಚೆಂಡನ್ನು ಎದುರಾಳಿಯ ಕಡೆಗೆ ಒದ್ದು ಕೊಡುವುದು, ತಮ್ಮದೇ 25ನೇ ಗಜದ ಗೆರೆಯಿಂದ.

ಇಲ್ಲಿ ನಿಯಮ ಒಂದು ತಿಳಿದಿರಲಿ. ಸಮಯ ಮುಗಿದರೂ, ಚೆಂಡು ಹಿಡಿದವನು ಕೆಳಗೆ ಬೀಳುವವರೆಗೆ ಆಟ ಮುಗಿಯುವುದಿಲ್ಲ. ಕಿಕ್‌ಆಫ್ ಹಿಡಿದ ಮೇಲೆ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಎಷ್ಟು ಸಲ ಬೇಕಾದರೂ ಎಸೆಯಬಹುದು. ಚೆಂಡಿನ ಜೊತೆ ಬೀಳಬೇಡಿ ಅಂತ ಕ್ಯಾಲ್‌ನ ರಿಚರ್ಡ್ ರಾಜರ್ಸ್ ಆಗಲೇ ಜೊತೆಗಾರರಿಗೆ ಹೇಳಿದ್ದ. ಯೋಜನೆ ಅಂತ ಇದ್ದದ್ದು ಅಷ್ಟೇ.

ಕೆವಿನ್ ಮೋಯೆನ್ ಚೆಂಡು ಹಿಡಿದ, ರಾಜರ್ಸ್‌ಗೆ ಕೊಟ್ಟ. ರಾಜರ್ಸ್ ಡ್ವೈಟ್ ಗಾರ್ನರ್‌ಗೆ. ಗಾರ್ನರ್ ಮೇಲೆ ಎದುರಾಳಿಗಳು ಮುಗಿಬಿದ್ದರು. ಇಷ್ಟೇ, ಮುಗಿಯಿತು ಅಂದುಕೊಂಡು ಸ್ಟ್ಯಾನ್‌ಫರ್ಡ್‌ನ ಬ್ಯಾಂಡು ಮೈದಾನಕ್ಕೆ ನುಗ್ಗಿತು. ಆದರೆ ಆ ಗುಂಪಿನೊಳಗಿಂದಲೇ ಚೆಂಡು ಮತ್ತೆ ರಾಜರ್ಸ್ ಕೈಗೆ ಬಂತು! ಅಲ್ಲಿಂದ ಮ್ಯಾರಿಯೆಟ್ ಫೋರ್ಡ್‌ಗೆ. ಫೋರ್ಡ್ ಬೀಳುತ್ತಲೇ, ತಿರುಗಿಯೂ ನೋಡದೆ, ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಅಲ್ಲಿ ಓಡಿ ಬರುತ್ತಿದ್ದವನು ಮೊದಲು ಚೆಂಡು ಹಿಡಿದಿದ್ದ ಅದೇ ಮೋಯೆನ್. ಕಹಳೆ, ಡ್ರಮ್ಮು, ಟೋಪಿಗಳ ಮಧ್ಯೆ ದಾರಿ ಮಾಡಿಕೊಂಡು ಅವನು ಮೈದಾನದ ತುದಿಯ ಅಂಕದ ಜಾಗವಾದ ಎಂಡ್ ಝೋನ್‌ಗೆ ಹೋದ, ಎರಡೂ ಕೈಯಲ್ಲಿ ಚೆಂಡು ಎತ್ತಿ ಹಾರಿದ, ಟ್ರೋಂಬೋನ್ ಊದುವ ಗ್ಯಾರಿ ಟಿರೆಲ್ ಮೇಲೆ ಬಂದು ಬಿದ್ದ. ಬ್ಯಾಂಡ್ ಮೈದಾನದಲ್ಲಿದೆ ಅಂತ ರೇಡಿಯೋದಲ್ಲಿ ಜೋ ಸ್ಟಾರ್ಕಿ ಕೂಗುತ್ತಲೇ ಇದ್ದರು. ಕ್ಯಾಲ್ 25, ಸ್ಟ್ಯಾನ್‌ಫರ್ಡ್ 20.

1984ರಲ್ಲಿ ಮಯಾಮಿ ವಿರುದ್ಧ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಸೆದ ಪಾಸ್ ಅದ್ಭುತವೇ. ಆದರೆ ಆ ಥರದ ಉದ್ದದ ಎಸೆತ ಎಲ್ಲ ತಂಡವೂ ಅಭ್ಯಾಸ ಮಾಡುತ್ತದೆ, ಆಮೇಲೂ ಎಷ್ಟೋ ಜನ ಎಸೆದು ಗೆದ್ದಿದ್ದಾರೆ. ಐದು ಸಲ ಕೈ ಬದಲಾಗಿ, ಎದುರಾಳಿಯ ಬ್ಯಾಂಡನ್ನೇ ಹಾದುಹೋದ ಚೆಂಡನ್ನು ಯಾರು ಅಭ್ಯಾಸ ಮಾಡಿಯಾರು? ಇವತ್ತಿಗೂ ಕೊಡಲಿ ಸ್ಟ್ಯಾನ್‌ಫರ್ಡ್ ಕೈಗೆ ಬಂದಾಗಲೆಲ್ಲ ಅವರು ಹಲಗೆಯ ಮೇಲಿನ ಅಂಕವನ್ನು 20-19 ಅಂತ ಬದಲಿಸುತ್ತಾರೆ. ಮತ್ತೆ ಕ್ಯಾಲ್ ಗೆದ್ದರೆ 25-20 ವಾಪಸ್. ಹೀಗೆ ಇನ್ನೂ ಮುಗಿಯದೇ ಇರುವ ಆಟಕ್ಕಿಂತ ದೊಡ್ಡದು ನನಗಂತೂ ಕಾಣುತ್ತಿಲ್ಲ.

ವಿರೋಧ

ಆ ಬ್ಯಾಂಡು ನನಗೂ ಇಷ್ಟ. ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ. ಆದರೆ ವಿಚಿತ್ರವಾದದ್ದು ಬೇರೆ, ದೊಡ್ಡದು ಬೇರೆ.

ಗಾರ್ನರ್‌ನ ಮೊಣಕಾಲು ನೆಲಕ್ಕೆ ತಾಗಿತ್ತೋ ಇಲ್ಲವೋ? ಫೋರ್ಡ್ ಎಸೆದದ್ದು ಮುಂದಕ್ಕೋ ಹಿಂದಕ್ಕೋ? ಆಗ ವಿಡಿಯೋ ನೋಡಿ ತೀರ್ಪು ಕೊಡುವ ಪದ್ಧತಿ ಇರಲಿಲ್ಲ. ಮೈದಾನದಲ್ಲಿ ಬ್ಯಾಂಡು ತುಂಬಿಕೊಂಡಿದ್ದಾಗ ಅಡ್ಡ ಬಂದು ಹಿಡಿಯುವುದಾದರೂ ಹೇಗೆ? ಇನ್ನೊಂದು ಮಾತು. ಆ ವರ್ಷ ಕ್ಯಾಲ್ ಮುಗಿಸಿದ್ದು 7 ಗೆದ್ದು 4 ಸೋತು, ಸ್ಟ್ಯಾನ್‌ಫರ್ಡ್ 5 ಗೆದ್ದು 6 ಸೋತು. ಊರೂರ ನಡುವಿನ ಮಾನದ ಪ್ರಶ್ನೆ ನಿಜ. ಆದರೆ ದೇಶದ ಚಾಂಪಿಯನ್ ಯಾರು ಅನ್ನುವುದಕ್ಕೆ ಅದರಿಂದ ಏನೂ ಬದಲಾಗಲಿಲ್ಲ. ಶಾರ್ಜಾದಲ್ಲಿ 1986ರಲ್ಲಿ ಮಿಯಾಂದಾದ್ ಹೊಡೆದ ಕೊನೇ ಬಾಲ್ ಸಿಕ್ಸರ್ ನಮ್ಮವರನ್ನು ಅಷ್ಟು ವರ್ಷ ಕಾಡಿದ್ದು ಅದು ಫೈನಲ್ ಆಗಿದ್ದಕ್ಕೂ ಅಲ್ವಾ?

ಈಗ 2013ರ ನವೆಂಬರ್ 30ಕ್ಕೆ ಬನ್ನಿ. ಆಬರ್ನ್‌ನ ಜೋರ್ಡನ್-ಹೇರ್ ಸ್ಟೇಡಿಯಂ, 87 ಸಾವಿರ ಜನ. ಎದುರಿಗೆ ಅದೇ ರಾಜ್ಯದ ಅಲಬಾಮಾ. ಹಿಂದಿನ ಎರಡು ಋತುಗಳ ರಾಷ್ಟ್ರೀಯ ಚಾಂಪಿಯನ್, ಆ ವರ್ಷ ಒಂದೂ ಸೋತಿಲ್ಲ, ಪಟ್ಟಿಯಲ್ಲಿ ಮೊದಲನೇ ಸ್ಥಾನ. ಆಬರ್ನ್ ಹಿಂದಿನ ವರ್ಷ ಬರೀ ಮೂರು ಪಂದ್ಯ ಗೆದ್ದಿತ್ತು, ಇದೇ ಅಲಬಾಮಾ ಎದುರು 49-0 ಸೋತಿತ್ತು. ಅಂಥ ತಂಡ ಈಗ ನಾಲ್ಕನೇ ಸ್ಥಾನದಲ್ಲಿ, 28-28ರ ಸಮಬಲದಲ್ಲಿ.

ಗಡಿಯಾರ ಸೊನ್ನೆಗೆ ಬಂತು. ಅಲಬಾಮಾ ಕೋಚ್ ನಿಕ್ ಸೇಬನ್ ಒಪ್ಪಲಿಲ್ಲ. ನಮ್ಮ ಆಟಗಾರ ಪಕ್ಕದ ಗೆರೆ ದಾಟಿ ಹೊರಗೆ ಹೋದಾಗ ಇನ್ನೂ ಸಮಯ ಇತ್ತು ಅಂತ ವಾದಿಸಿದರು. ರೆಫರಿಗಳು ವಿಡಿಯೋ ನೋಡಿದರು. ವಾದ ಸರಿಯಾಗಿತ್ತು. 1 ಸೆಕೆಂಡ್ ವಾಪಸ್ ಸಿಕ್ಕಿತು. ಅದನ್ನು ಕೇಳಿ ಪಡೆದದ್ದು ಅಲಬಾಮಾ, ನೆನಪಿರಲಿ.

ಆ ಒಂದು ಸೆಕೆಂಡಿನಲ್ಲಿ 57 ಗಜದಿಂದ ಫೀಲ್ಡ್ ಗೋಲ್‌ಗೆ ಒದೆಯೋಣ ಅಂದರು. ಅವರ ಮಾಮೂಲಿ ಕಿಕ್ಕರ್‌ಗೆ ಅವತ್ತು ಕಾಲು ಕೂಡಿ ಬಂದಿರಲಿಲ್ಲ, ಹಾಗಾಗಿ ಆಡಮ್ ಗ್ರಿಫಿತ್ ಅನ್ನುವ ಹೊಸ ಹುಡುಗ ಬಂದ. ಆಬರ್ನ್ ತನ್ನ ಕ್ರಿಸ್ ಡೇವಿಸ್‌ನನ್ನು ಕಂಬಗಳ ಕೆಳಗೆ ನಿಲ್ಲಿಸಿತು. ಒದ್ದ ಚೆಂಡು ಕಂಬ ಮುಟ್ಟದೆ ಮೈದಾನದೊಳಗೇ ಇಳಿದರೆ ಹಿಡಿದು ಓಡಬಹುದು. ಈ ನಿಯಮ ಪುಸ್ತಕದಲ್ಲಿ ಮೊದಲಿನಿಂದ ಇದ್ದದ್ದೇ, ಬಳಕೆಗೆ ಬರುವುದು ಮಾತ್ರ ತೀರಾ ಅಪರೂಪ.

ಚೆಂಡು ತಲುಪಲಿಲ್ಲ. ಡೇವಿಸ್ ಎಂಡ್ ಝೋನ್‌ನ ಹಿಂದಿನ ಗೆರೆಯ ಹತ್ತಿರ ಹಿಡಿದ. ಎದುರಿಗಿದ್ದವರು ಒದೆಯುವವನನ್ನು ಕಾಯಲು ಗೋಡೆಯಾಗಿ ನಿಲ್ಲುವ ಅಲಬಾಮಾದ ಭಾರೀ ಆಳುಗಳು. ಓಡುವವನನ್ನು ಅಟ್ಟಿ ಹಿಡಿಯುವ ಕೆಲಸ ಅವರದಲ್ಲ. ಡೇವಿಸ್ ಎಡಗಡೆ ಗೆರೆಗುಂಟ ತಿರುಗಿದ. ಗೆರೆಗೂ ಅವನ ಕಾಲಿಗೂ ಸ್ವಲ್ಪವೇ ಅಂತರ, ಒಂದು ಹೆಜ್ಜೆ ತಪ್ಪಿದ್ದರೂ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ತಪ್ಪಲಿಲ್ಲ. ದಾಖಲೆಯಲ್ಲಿ 100 ಗಜ, ನಿಜಕ್ಕೆ ಓಡಿದ್ದು 109. 34-28.

ಇದರಲ್ಲಿ ಮೊಣಕಾಲಿನ ಅನುಮಾನ ಇಲ್ಲ, ಬ್ಯಾಂಡಿನ ಅಡ್ಡಿ ಇಲ್ಲ. ಅಂಕ ತಿದ್ದುವ ಹಲಗೆಯೂ ಬೇಕಿಲ್ಲ. ಸತತ ಮೂರನೇ ಸಲ ಚಾಂಪಿಯನ್ ಆಗುವ ಅಲಬಾಮಾದ ಕನಸು ಅಲ್ಲೇ ಮುರಿಯಿತು. ಆಬರ್ನ್ ರಾಷ್ಟ್ರೀಯ ಫೈನಲ್ ತನಕ ಹೋಗಿ, ಫ್ಲಾರಿಡಾ ಸ್ಟೇಟ್ ಎದುರು 34-31ಕ್ಕೆ ಸೋತಿತು. ಫೈನಲ್ ಸೋತರೂ ಈ ಓಟದ ತೂಕ ಕಮ್ಮಿಯಾಗಲಿಲ್ಲ.

ಟಿವಿಯಲ್ಲಿ ಅವತ್ತು ಮಾತಾಡುತ್ತಿದ್ದವರು ವರ್ನ್ ಲುಂಡ್‌ಕ್ವಿಸ್ಟ್. ಡೇವಿಸ್ ಗೆರೆ ದಾಟಿದ ಮೇಲೆ ಅವರು ಸುಮ್ಮನಾಗಿಬಿಟ್ಟರು. ಜನ ಗೋಡೆ ಹಾರಿ ಮೈದಾನಕ್ಕೆ ಇಳಿಯುತ್ತಿದ್ದರು. ಅವರ ಕೂಗು ಬಿಟ್ಟರೆ ತುಂಬಾ ಹೊತ್ತು ಬೇರೇನೂ ಕೇಳಿಸಲಿಲ್ಲ.