ಉಬ್ಬರ ಇಳಿತದ ಮಾತೇ ಇಲ್ವಲ್ಲ?
ಊಟದ ಬಿಡುವಿನಲ್ಲಿ ಒಬ್ಬರೇ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ತಗೊಂಡು ಹೊಳೆಗಿಳಿಯಿರಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಖುಷಿಯಾಯ್ತು. ನಾನೂ ಮಂಗಳೂರಿನ ಸುಲ್ತಾನ್ ಬತ್ತೇರಿ ಹತ್ತಿರ ಫಲ್ಗುಣಿ ಹೊಳೆಯಲ್ಲಿ ಇದನ್ನೇ ಮಾಡುತ್ತೇನೆ. ಆದರೆ ಸಮುದ್ರದ ಹತ್ತಿರ ಇರುವ ಹೊಳೆಯಲ್ಲಿ ಉಬ್ಬರ ಇಳಿತವೇ ಮುಖ್ಯ ಅಲ್ವಾ? ನೀರು ಹರಿಯುವ ದಿಕ್ಕು ಅದರಿಂದಲೇ ಬದಲಾಗುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಸೋಮವಾರ ಒಂದು ಗಂಟೆಗೆ ಸಲೀಸಾಗಿ ಹೋಗಿ ಬಂದವರು ಶುಕ್ರವಾರ ಅದೇ ಹೊತ್ತಿಗೆ ಇಳಿದರೆ ವಾಪಸ್ ಬರುವಾಗ ನೀರಿನ ಎದುರು ಹುಟ್ಟು ಹಾಕಿ ಹಾಕಿ ಸುಸ್ತಾಗಬಹುದು. ನಾನೊಮ್ಮೆ ಹೀಗೆ ಸಿಕ್ಕಿಬಿದ್ದು ಎರಡೂವರೆಯ ಮೀಟಿಂಗಿಗೆ ಒದ್ದೆ ಚಡ್ಡಿಯಲ್ಲೇ ಕೂತಿದ್ದೆ (ಕ್ಯಾಮೆರಾದಲ್ಲಿ ಅಂಗಿ ಮಾತ್ರ ಕಾಣೋದು, ಬಚಾವ್!). ಈಗ ಹೋಗುವಾಗಲೇ ನೀರಿನ ಎದುರು ಹೋಗುತ್ತೇನೆ, ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಲ್ಲ. ಮಳೆಗಾಲದಲ್ಲಂತೂ ಕಯಾಕ್ ಮನೆಯಲ್ಲೇ.